ಬಕ್ಕೇಶನ ಕಾಲ್ನಡಿಗೆ ಚಳವಳಿ

ಬಕ್ಕೇಶನ ಸಂಕಟಕ್ಕೆಲ್ಲ ಮೂಲ ಅವನ ಬಾಯಿ. ಹಳೇ ಸ್ಕೂಟರು ಕೊಂಡ ಹೊಸತರಲ್ಲಿ, ಮಗಳು ರಶ್ಮಿತಾಳನ್ನು ಶಾಲೆಗೆ ಬಿಡಲು ಹೊರಟವನು ಎದುರುಮನೆಯ ಅಕ್ಕನಾಗಮ್ಮನ ಮೊಮ್ಮಗನನ್ನು ಕಂಡು, "ಬರ್ತೀಯೇನೋ ಮರಿ?" ಎಂದಿದ್ದ. ಮರಿ ಹತ್ತಿತು. ಮರುದಿನ ಪಕ್ಕದ ಮನೆಯ ಅವಳಿಗಳು ಹತ್ತಿದವು. ನೋಡನೋಡುತ್ತ ದೇವರಾಜ ಅರಸು ಬಡಾವಣೆಯ ಆ ಬೀದಿಯ ಮಕ್ಕಳೆಲ್ಲ ಅವನ ಸ್ಕೂಟರಿಗೆ ದ್ರಾಕ್ಷಿ ಗೊಂಚಲಿನ ಹಾಗೆ ಜೋತುಬಿದ್ದರು. ಪಾಪದ ಮನುಷ್ಯ, ಯಾರಿಗೂ ಆಗಲ್ಲ ಎನ್ನಲು ಅವನಿಗೆ ಬರುತ್ತಿರಲಿಲ್ಲ.

ಇವರನ್ನೆಲ್ಲ ಹತ್ತಿಸಿ, ಇಳಿಸಿ, ದಾರಿಯಲ್ಲಿ ಬಿದ್ದ ಬೂಟು ಹುಡುಕಿಕೊಟ್ಟು ಬಸ್‌ಸ್ಟ್ಯಾಂಡು ಮುಟ್ಟುವಷ್ಟರಲ್ಲಿ ಹರಿಹರದ ಬಸ್ಸು ಹೋಗಿರುತ್ತಿತ್ತು. ಗುತ್ತೂರಿನ ಹತ್ತಿರದ ಮಿಲ್ಲೊಂದರಲ್ಲಿ ಅವನು ಸ್ಟೋರಿನ ಗುಮಾಸ್ತ. ಅಲ್ಲಿಯ ತನಕ ಓಡುವ ತಾಕತ್ತು ಆ ಸ್ಕೂಟರಿಗಿರಲಿಲ್ಲ. ಶನಿವಾರ ಮ್ಯಾನೇಜರ್ ವಾಮದೇವಪ್ಪನವರು ಕನ್ನಡಕ ತೆಗೆದು, "ಇನ್ನೊಂದು ದಿನ ಲೇಟಾದ್ರೆ ನೈಟ್ ಶಿಫ್ಟಿಗೆ ಹಾಕ್ತೀನಿ ನೋಡ್ರಿ" ಎಂದುಬಿಟ್ಟರು. ಬಕ್ಕೇಶನಿಗೋ ಹಗಲು ಏನು ಮಾಡಿದರೂ ನಿದ್ದೆ ಬಾರದು.

ಭಾನುವಾರ ಒಂದು ಉಪಾಯ ಹೊಳೆಯಿತು. ಮನೆಮನೆಗೆ ಹೋಗಿ ಭಾಷಣ ಬಿಗಿದ. ಸಣ್ಣ ಮಕ್ಕಳು ಶಾಲೆಗೆ ನಡೆಯಬೇಕು, ದೊಡ್ಡವರು ಸೈಕಲ್ ತುಳಿಯಬೇಕು. ಕಾಲು ಗಟ್ಟಿಯಾಗುತ್ತದೆ, ಹಸಿವು ಹೆಚ್ಚುತ್ತದೆ, ಗಣಿತ ತಲೆಗೆ ಹತ್ತುತ್ತದೆ. ಗಣಿತದ ಮಾತು ಅವನ ಸ್ವಂತದ್ದು. ಆಶ್ಚರ್ಯವೆಂದರೆ, ಎಲ್ಲರೂ ತಲೆಯಾಡಿಸಿದರು.

ಸೋಮವಾರ ಸಿಳ್ಳೆ ಹಾಕುತ್ತಲೇ ಗಡ್ಡ ಬೋಳಿಸಿಕೊಂಡು, ಅವಸರದಲ್ಲಿ ಎರಡು ಇಡ್ಲಿ ನುಂಗಿ ಹೊರಬಂದ. ಮಕ್ಕಳು ಬೀದಿಯಲ್ಲಿ ಸಾಲಾಗಿ ನಿಂತಿದ್ದರು. ಕಣ್ಣು ತುಂಬಿ ಬಂತು. ಸ್ಕೂಟರಿಗೆ ಒದೆಯುವಷ್ಟರಲ್ಲಿ ಅಕ್ಕನಾಗಮ್ಮ ಬಂದು ಹ್ಯಾಂಡಲಿಗೆ ಒಂದು ಚೀಲ ನೇತುಹಾಕಿದಳು.

"ಇದೇನಮ್ಮ?"

"ನೀ ಹೇಳಿದ್ದು ಖರೇ ಐತೆ ಬಕ್ಕೇಶಪ್ಪ, ಹುಡುಗ್ರು ನಡೀಬೇಕು. ಆದ್ರೆ ಈ ಪಾಟೀಚೀಲ ನೋಡು, ನಮ್ಮ ಹುಡುಗನಕಿಂತ ತೂಕ ಐತೆ. ಹೊತ್ಕೊಂಡು ಹೆಂಗೆ ನಡೀತಾನೆ? ನಿನ್ನ ಗಾಡಿ ಹೆಂಗಿದ್ರೂ ಖಾಲಿ."

ಅವನು ಬಾಯಿ ತೆರೆಯುವ ಮುಂಚೆ ಉಳಿದ ಚೀಲಗಳೂ ಬಂದವು. ಊಟದ ಡಬ್ಬಿ, ನೀರಿನ ಬಾಟಲಿ, ಯಾರದೋ ಡ್ರಾಯಿಂಗ್ ಹಲಗೆ. ಬಕ್ಕೇಶ ಮಧ್ಯೆ ಎಲ್ಲೋ ಇದ್ದ.

"ಮುಂದೆ ಹೋಗಿಬಿಡಬ್ಯಾಡ ಮತ್ತೆ! ರೋಡು ದಾಟಿಸೋರು ಬೇಕಲ್ಲ, ಹಿಂದಿಂದೇ ನಿಧಾನ ಬಾ" ಎಂದಳು ಅಕ್ಕನಾಗಮ್ಮ.

ಮೆರವಣಿಗೆ ಹೊರಟಿತು. ಕೈ ಬೀಸಿ ನಡೆಯುವ ಮಕ್ಕಳು ಕಂಡಕಂಡ ನಾಯಿಯನ್ನೆಲ್ಲ ಮಾತಾಡಿಸಿದರು. ಅವಳಿಗಳ ಅಣ್ಣನ ಸೈಕಲ್ ಚೈನು ಕಳಚಿತು. ಬಕ್ಕೇಶ ಇಳಿದು ಹಾಕಿದ, ಇಸ್ತ್ರಿ ಮಾಡಿದ ಅಂಗಿಗೆಲ್ಲ ಮಸಿ. ಹಣ್ಣಿನ ಗಾಡಿಯ ರಜಾಕ್ ಸಾಹೇಬರು ಕೂಗಿ ಕೇಳಿದರು: "ಹೊಸಾ ಧಂದಾ ಏನ್ರಿ? ಒಂದು ಬ್ಯಾಗಿಗೆ ಎಷ್ಟು?"

ಫಸ್ಟ್ ಗೇರಿನಲ್ಲೇ ತೆವಳಿ ತೆವಳಿ ಸ್ಕೂಟರು ಕಾದು, ಕೆಮ್ಮಿ, ನಿಂತೇಹೋಯಿತು. ಬಕ್ಕೇಶ ತಳ್ಳಿದ.

"ಅಪ್ಪಾ, ನೀನೂ ನಡೀತಿದೀಯಲ್ಲ!" ರಶ್ಮಿತಾ ಚಪ್ಪಾಳೆ ತಟ್ಟಿದಳು.

ಶಾಲೆಯ ಗೇಟಿನಲ್ಲಿ ಚೀಲ ಇಳಿಸಿ ಓಡಬೇಕು, ಅಷ್ಟರಲ್ಲಿ ಹೆಡ್‌ಮಿಸ್ ಪ್ರೇಮಲತಾ ಎದುರಾದರು. "ಮಕ್ಕಳನ್ನ ನಡೆಸಿಕೊಂಡು ಬಂದೋರು ನೀವೇ ಏನ್ರಿ? ಬರ್ರಿ ಬರ್ರಿ, ಪ್ರೇಯರಿನಾಗೆ ಎರಡು ಮಾತಾಡ್ರಿ!"

ಈಗಲಾದರೂ ಆಗಲ್ಲ ಎನ್ನಬಹುದಿತ್ತು. ಬಕ್ಕೇಶ ಮಸಿ ಅಂಗಿಯಲ್ಲೇ ನಿಂತು ಎರಡು ಮಾತಾಡಿದ. ಗಣಿತದ ವಿಷಯ ಬಂದಾಗ ಮಕ್ಕಳು ಜೋರಾಗಿ ಚಪ್ಪಾಳೆ ಹೊಡೆದರು. ಹರಿಹರದ ಬಸ್ಸು ಹೋಗಿಬಿಟ್ಟಿತ್ತು.

ಮುಂದಿನ ಬಸ್ಸಿನಲ್ಲಿ ನೇತಾಡಿಕೊಂಡು ಮಿಲ್ಲು ಮುಟ್ಟಿದಾಗ ವಾಮದೇವಪ್ಪನವರು ಬೈಯಲಿಲ್ಲ. ಅಂಗಿಯ ಮಸಿ ನೋಡಿ, "ಬೆಳಗ್ಗೆ ನಿಮಗೆ ಮನಿ ಕೆಲ್ಸ ಭಾಳ ಇರಂಗೈತೆ. ನಾಳಿಂದ ರಾತ್ರಿ ಬರ್ರಿ" ಎಂದರು, ಉಪಕಾರ ಮಾಡುವವರ ಹಾಗೆ.

ಸಂಜೆ ಮನೆಗೆ ಬಂದು ಕಟ್ಟೆಯ ಮೇಲೆ ಕುಸಿದ. ಅವನಿಗೆ ಅಳುವಷ್ಟು ಬೇಜಾರಾಗಿತ್ತು. "ಏನಾಯ್ತ್ರಿ?" ಎಂದು ಹೆಂಡತಿ ವಾಣಿ ಕೇಳಿದಳು. ಹೇಳಿದ. ಎದುರು ಕಟ್ಟೆಯಿಂದ ಅಕ್ಕನಾಗಮ್ಮನೂ ಕೇಳಿಸಿಕೊಂಡಳು, ಲಗುಬಗೆಯಿಂದ ಎದ್ದು ಬಂದಳು. ಒಂದು ಸಮಾಧಾನದ ಮಾತಾದರೂ ಬಂದೀತೆಂದು ಬಕ್ಕೇಶ ಮುಖವೆತ್ತಿದ.

"ಹಂಗಾರೆ ಇನ್ನ ಬೆಳಗ್ಗೆ ಬಸ್ಸಿನ ಅವಸರಾನೇ ಇಲ್ಲ ಅನ್ನು!" ಅವಳ ಮುಖ ಊರಗಲವಾಯಿತು. "ಒಳ್ಳೇದಾತು ಬಿಡಪ್ಪ. ಹಿಂದಿನ ಬೀದಿ ಅಮೀನಾಬೀನೂ ಕೇಳ್ತಿದ್ಲು, ಅವಳ ಮೊಮ್ಮಕ್ಕಳನ್ನೂ ಕಳಸ್ತಾಳಂತೆ. ಆದ್ರೆ ಆ ಸ್ಕೂಟರು ಬ್ಯಾಡ, ಹೊಗೆ ಕುಡದು ಹುಡುಗ್ರು ಕೆಮ್ತಾವೆ. ಚೀಲ ಹೆಗಲಿಗೆ ಹಾಕ್ಕೊಂಡು ನಡದೇ ಬಾ. ಕಾಲು ಗಟ್ಟಿ ಆಗ್ತಾವೆ ಅಂತ ನೀನೇ ಹೇಳಿದೆಯಲ್ಲ!"

ಬಕ್ಕೇಶ ಬಾಯಿ ತೆರೆದ. "ಎಷ್ಟೊತ್ತಿಗೆ ಬರ್ಲಿ ಅಮ್ಮ?" ಎಂದ.