ನುಂಗುವವರ ಊರಿಗೆ ಮೋಮೊ ಬಂದದ್ದು

ಅಡುಗೆಗೆ ಹೆಸರಿಡಲು ಅಡುಗೆ ಬರಬೇಕಾಗಿಲ್ಲ, ನಾಲಿಗೆ ಇದ್ದರೆ ಸಾಕು. ಈ ವಿದ್ಯೆಯಲ್ಲಿ ನನಗೆ ಮದುವೆಯಾದಷ್ಟೇ ವರ್ಷಗಳ ಅನುಭವವಿದೆ. ಉಪ್ಪು ಹೆಚ್ಚಾದರೆ ಹೇಳುತ್ತೇನೆ; ಎಲ್ಲ ಸರಿಯಿದ್ದರೆ "ನಿನ್ನೆಯಷ್ಟು ರುಚಿಯಿಲ್ಲ" ಎನ್ನುತ್ತೇನೆ. ನಿನ್ನೆ ಏನು ಹೇಳಿದ್ದಿರಿ ಎಂದು ನನ್ನ ಹೆಂಡತಿ ಮಂಜುಳಾ ಕೇಳುವುದಿಲ್ಲ. ಅದು ಅವಳ ದೊಡ್ಡತನ.

ಮಂಜುಳಾ ನಮ್ಮ ಬಿಳಿಕೆರೆಯ ಮಹಿಳಾ ಸಂಘದ ಅಧ್ಯಕ್ಷೆ. ಬೆಳಿಗ್ಗೆ ಬಸ್ಸು ಹಿಡಿದು ಮೈಸೂರಿನ ಗಾರ್ಮೆಂಟ್ಸಿಗೂ ಕಾಲೇಜಿಗೂ ಓಡುವ ಹೆಣ್ಣುಮಕ್ಕಳು ಬರಿಹೊಟ್ಟೆಯಲ್ಲಿ ಹೋಗುತ್ತಾರೆ, ಅವರಿಗೆಂದು ಒಂದು ಅಡುಗೆಮನೆ ತೆರೆಯಬೇಕು ಎಂಬುದು ಸಂಘದ ಆಸೆ. ಊರಿನ ಹಳೇ ಡೈರಿ ಕಟ್ಟಡ ಖಾಲಿ ಬಿದ್ದಿತ್ತು. ಬೀಗದ ಕೈ ಊರ ಯಜಮಾನರಾದ ಚಿಕ್ಕೇಗೌಡರ ಸೊಂಟದಲ್ಲಿತ್ತು. ಆದರೆ ಅದೇ ಕಟ್ಟಡದ ಮೇಲೆ ನಮ್ಮ ಗಂಡಸರ ಕೇರಂ ಬಳಗಕ್ಕೂ ಕಣ್ಣಿತ್ತು. ಆ ಬಳಗದ ಕಾರ್ಯದರ್ಶಿ ಯಾರೆಂದು ದಯವಿಟ್ಟು ಕೇಳಬೇಡಿ. ಅವನಿಗೆ ಎರಡು ಹೊತ್ತು ಊಟ ಹಾಕುತ್ತಿದ್ದವಳು ಮಂಜುಳಾ.

ಗೌಡರ ಮನಸ್ಸೂ ನಮ್ಮ ಕಡೆಗೇ ಇತ್ತು. "ಅಲ್ಲ ಕಣವ್ವ, ಸಾರು ಹಿಟ್ಟು ಬುಟ್ರೆ ನಿಮಗಿನ್ನೇನು ಬತ್ತದೆ? ಅದ ಮನೇಲೇ ಮಾಡ್ಬೋದಲ್ಲ, ಕಟ್ಟಡ ಯಾಕೆ?" ಎಂದರು.

"ಭಾನುವಾರ ಉಣ್ಣಕ್ಕೆ ಬನ್ನಿ ಗೌಡ್ರೇ. ದೇಶದೇಶದ ಮನೆ ಅಡುಗೆ ಬಡಿಸ್ತೀವಿ. ಉಂಡ್ಮೇಲೆ ಹೇಳಿ," ಎಂದಳು ಮಂಜುಳಾ.

ಗುರುಪುರದ ಟಿಬೆಟನ್ ಕ್ಯಾಂಪಿನಿಂದ ಡೋಲ್ಮಾ ಎಂಬ ಹೆಂಗಸು ಹಬೆಪಾತ್ರೆಯೊಂದಿಗೆ ಬಂದು ಸಂಘದವರಿಗೆ ಮೋಮೊ ಎಂಬ ಖಾರದ ಕಡುಬು ಕಲಿಸಿದಳು. ಮಗಳ ಹಾಸ್ಟೆಲ್ ಗೆಳತಿ, ಕೀನ್ಯಾದ ಹುಡುಗಿ, ಮೆಕ್ಕೆಜೋಳದ ಹಿಟ್ಟಿನ ಉಗಾಲಿ ಹೇಳಿಕೊಟ್ಟಿದ್ದಳು. ಭಾನುವಾರ ಶಾಲೆಯ ಅಂಗಳದಲ್ಲಿ ಊರೇ ಪಂಕ್ತಿ ಕೂತಿತು. ನಾನು ಗೌಡರ ಪಕ್ಕದ ಎಲೆ ಹಿಡಿದೆ. ಮೊದಲು ಮೋಮೊ ಬಂತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಮೆತ್ತಗೆ, ಗುಂಡಗೆ, ಬಿಸಿಯಾಗಿ ಎಲೆಗೆ ಬಿದ್ದದ್ದನ್ನು ಯಾರೂ ಅಗಿಯುವುದಿಲ್ಲ. ನಾವು ಹಿಟ್ಟೆನ್ನುವ ರಾಗಿ ಮುದ್ದೆಯನ್ನು ಮುರಿಯುವುದು, ಸಾರಿನಲ್ಲಿ ಹೊರಳಿಸುವುದು, ನುಂಗುವುದು. ಹಲ್ಲು ತಾಗಿಸಿದರೆ ನೆಂಟರು ನಗುತ್ತಾರೆ. ಎಂಬತ್ತು ವರ್ಷದ ಅಭ್ಯಾಸಬಲದಿಂದ ಗೌಡರು ಮೋಮೊವನ್ನು ಕೆಂಪು ಚಟ್ನಿಯಲ್ಲಿ ಹೊರಳಿಸಿ ಇಡಿಯಾಗಿ ಗುಳುಂ ಮಾಡಿದರು. ಮರುಕ್ಷಣ ಅದು ಗಂಟಲಲ್ಲಿ ಸಿಕ್ಕಿಕೊಂಡಿತು, ಕಣ್ಣು ಮೇಲಾದವು, ಮಾತು ನಿಂತಿತು. ಸಂಘದ ಹೆಂಗಸರ ಮುಖ ಬಿಳಿಚಿಕೊಂಡಿತು. ಬೀಗದ ಕೈ ನಮ್ಮದೇ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಹೇಳಿಕೊಳ್ಳುವ ಸ್ಥಿತಿಯಲ್ಲಿ ಮಾತ್ರ ಇರಲಿಲ್ಲ, ಏಕೆಂದರೆ ನಾನೂ ನುಂಗಿದ್ದೆ.

ಮಂಜುಳಾ ಹೆದರಲಿಲ್ಲ. ಗೌಡರ ಕೈಗೆ ಮಜ್ಜಿಗೆ ಕೊಟ್ಟು, "ಇದು ಅಗಿಯೋದು ಗೌಡ್ರೇ. ನುಂಗೋದು ಈಗ ಬತ್ತದೆ," ಎಂದು ಉಗಾಲಿ ಬಡಿಸಿದಳು, ಪಕ್ಕದಲ್ಲಿ ಸೊಪ್ಪಿನ ಪಲ್ಯ. ನನಗೆ ಮಜ್ಜಿಗೆ ಕೊಡುವುದು ಅವಳಿಗೆ ನೆನಪಾಗಲಿಲ್ಲ.

ಗೌಡರು ಅನುಮಾನದಿಂದ ಮುರಿದರು, ಪಲ್ಯಕ್ಕೆ ಒತ್ತಿದರು, ನುಂಗಿದರು. ಮತ್ತೊಂದು ತುತ್ತು. ಮತ್ತೂ ಒಂದು.

"ಇದು ನಮ್ಮ ಹಿಟ್ಟಲ್ವೇನವ್ವ?"

"ಆಫ್ರಿಕಾದ್ದು ಗೌಡ್ರೇ."

"ಅಲ್ಲೂ ಹಿಟ್ಟಾ! ಯಾರು ಕೋಲಾಕಿ ತೊಳಸ್ತಾರೆ?"

"ಅಲ್ಲೂ ಹೆಂಗಸ್ರೇ ಕಣ್ರೀ. ಕೋಲೂ ಅಂಗೇ, ಉರೀನೂ ಅಂಗೇ."

ಗೌಡರು ಉಳಿದ ತುತ್ತನ್ನೂ ಮುಗಿಸಿದರು. "ನಮ್ಮವ್ವ ಸಾಯೋಗಂಟ ತೊಳಸಿದ್ಳು ಕಣವ್ವ. ಚೆನ್ನಾಗದೆ ಅಂತ ಒಂದಿನಾನೂ ಅನ್ನಲಿಲ್ಲ ನಾವು," ಎಂದು ಎಡಗೈಯಿಂದ ಸೊಂಟದ ಬೀಗದ ಕೈ ಬಿಚ್ಚಿ ಮಂಜುಳಾಗೆ ಕೊಟ್ಟುಬಿಟ್ಟರು. ಹೆಂಗಸರ ಕೂಗಿಗೆ ಹೈವೇಯಲ್ಲಿ ಹೋಗುತ್ತಿದ್ದ ಬಸ್ಸಿನವರೂ ತಲೆ ಹೊರಗೆ ಹಾಕಿ ನೋಡಿದರು. ಡೋಲ್ಮಾ ಮಂಜುಳಾಳನ್ನು ಎತ್ತಿಯೇಬಿಟ್ಟಳು. ಸೋತ ಪಕ್ಷದ ಕಾರ್ಯದರ್ಶಿಯಾದರೂ ಸುಳ್ಳು ಹೇಳಲಾರೆ, ನನಗೆ ಹೆಮ್ಮೆಯಿಂದ ಗಂಟಲು ಕಟ್ಟಿತು. ಮೋಮೊ ಆಗಲೇ ಇಳಿದಿತ್ತು.

ಅಡುಗೆಮನೆ ಶುರುವಾದ ಮೊದಲ ದಿನ, ಅಧ್ಯಕ್ಷೆಯ ಗಂಡನೆಂಬ ಗತ್ತಿನಲ್ಲಿ ಬೆಳಿಗ್ಗೆಯೇ ಹೋಗಿ ನೇರ ಒಳಗೆ ಕಾಲಿಟ್ಟೆ. "ಬಸ್ಸಿಗೆ ಹೋಗೋ ಹೆಣ್ಮಕ್ಕಳು ಮೊದ್ಲು ತಿನ್ಲಿ. ಗಂಡಸ್ರಿಗೆ ಎಂಟೂವರೆ ಮೇಲೆ," ಎಂದಳು ಮಂಜುಳಾ, ತಲೆ ಕೂಡ ಎತ್ತದೆ. ಹೊರಗೆ ಜಗಲಿಯ ಮೇಲೆ ಚಿಕ್ಕೇಗೌಡರು ಆಗಲೇ ಕೂತಿದ್ದರು.

"ಮನೇಲೇ ಏನಾರ ಮಾಡ್ಕೊಂಡು ತಿನ್ನಬಾರದೇನ್ಲಾ?" ಎಂದರು.

ತಿನ್ನಬಹುದಿತ್ತು. ಆದರೆ ಗ್ಯಾಸ್ ಲೈಟರ್ ಎಲ್ಲಿರುತ್ತದೆಂದು ಗೊತ್ತಿದ್ದವಳು ಒಳಗಿದ್ದಳು. ಅವಳನ್ನು ಕೇಳಲು ಎಂಟೂವರೆಯಾಗಬೇಕಿತ್ತು.