ಮೇಸ್ತ್ರಿ ಇಲ್ಲದೆ ಒಂದು ಟ್ಯಾಂಕೂ ತಿರುಗಲ್ಲ

ಬಣ್ಣದ ಕಾರ್ಖಾನೆಯ ಗೋಡೆಗೆ ಬೆಳಿಗ್ಗೆ ಅವತ್ತಿನಿಂದ ಒಂದು ತಿಂಗಳ ಕೆಲಸದ ಯೋಜನೆ ಅಂಟಿಸಿದರು. ಯಾವತ್ತು ಯಾವ ಟ್ಯಾಂಕಿನಲ್ಲಿ ಯಾವ ಬಣ್ಣ, ಪಕ್ಕದಲ್ಲಿ ಯಾರು ನಿಲ್ಲಬೇಕು, ಎಲ್ಲ ಇತ್ತು. ನೆಲ ಒರೆಸುವವನ ಹೆಸರೂ ಇತ್ತು. ಬಣ್ಣ ಕಲಸುವ ಮೇಸ್ತ್ರಿಯ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

"ಕೆಲಸ ಹೋಯ್ತು ಅಂತ್ಲೇ ಲೆಕ್ಕ," ಎಂದ ಸ್ಟೋರ್ ಕೀಪರ್, ಸಮಾಧಾನ ಹೇಳುವವನ ದನಿಯಲ್ಲಿ. "ನಾನಾಗಿದ್ರೆ ಸುಮ್ನೆ ಬಿಡ್ತಿರಲಿಲ್ಲಣ್ಣ."

ಮೇಸ್ತ್ರಿಯ ಪಿತ್ತ ನೆತ್ತಿಗೇರಿತು. ನೇರ ಹೋಗಿ, ಯೋಜನೆ ಹಾಕುವ ಕಂಪ್ಯೂಟರ್ ಪ್ರೋಗ್ರಾಂ ಬರೆದ ಹುಡುಗಿಯ ಮೇಜು ಕುಟ್ಟಿದ. ಅವಳು ಪಾಪ, ತಾಳ್ಮೆಯಿಂದ ಬಿಡಿಸಿ ಹೇಳಿದಳು. ಕಂಪ್ಯೂಟರ್ ಮೊದಲು ಮನಸ್ಸಿಗೆ ಬಂದ ಹಾಗೆ ನೂರಾರು ಯೋಜನೆ ಮಾಡುತ್ತದೆ. ಬೇಗ ಕೆಲಸ ಮುಗಿಸುವಂಥವನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಬಿಸಾಡುತ್ತದೆ. ಆಮೇಲೆ ಎರಡೆರಡನ್ನು ಜೋಡಿ ಮಾಡಿ, ಇದರದ್ದು ಅರ್ಧ ಅದರದ್ದು ಅರ್ಧ ಸೇರಿಸಿ ಮರಿ ಹುಟ್ಟಿಸುತ್ತದೆ. ಹೀಗೆ ತಲೆಮಾರುಗಟ್ಟಲೆ ನಡೆದು ಕೊನೆಗೆ ಗೆದ್ದದ್ದೇ ಗೋಡೆಯ ಮೇಲಿರುವುದು.

ಕಪ್ಪು ಕಲಸಿದ ಟ್ಯಾಂಕಿಗೆ ಬಿಳಿ ಹಾಕಿದರೆ ಅರ್ಧ ದಿನ ತೊಳೆಯಬೇಕು, ಅದು ನಿನ್ನ ಮರಿಗಳಿಗೆ ಗೊತ್ತಾ ಎಂದು ಮೇಸ್ತ್ರಿ ಸವಾಲು ಹಾಕಿದ. ಗೊತ್ತು, ಅಂಥ ಮರಿ ಬದುಕುವುದೇ ಇಲ್ಲ ಎಂದಳು. ಹಿಂದೆ ನೆರೆದಿದ್ದವರು ಕಿಸಕ್ಕನೆ ನಕ್ಕರು. ಸ್ಟೋರ್ ಕೀಪರ್ ಮೇಸ್ತ್ರಿಯ ಬೆನ್ನಿಗೆ ತಿವಿದ.

ಮೇಸ್ತ್ರಿ ಹೋಗಿ ಮೇನ್ ಸ್ವಿಚ್ ಆರಿಸಿ, ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತುಬಿಟ್ಟ. ಟ್ಯಾಂಕುಗಳೆಲ್ಲ ಗಪ್‌ಚಿಪ್. ಒಳಗೆ ಬಣ್ಣ ಗಟ್ಟಿಯಾಗತೊಡಗಿತು. ಮಾಲೀಕರು ಓಡಿ ಬಂದರು.

"ಬರ್ಕೊಳ್ಳಿ," ಎಂದ ಮೇಸ್ತ್ರಿ. "ನಾನು ಪಕ್ಕದಲ್ಲಿ ನಿಲ್ಲದೆ ಇಲ್ಲಿ ಒಂದು ಟ್ಯಾಂಕೂ ತಿರುಗಲ್ಲ."

ಹಾಗೆ ಷರತ್ತು ಹಾಕಿದರೆ ಕಂಪ್ಯೂಟರ್ ಅದನ್ನು ಮೀರುವುದಿಲ್ಲ ಎಂದು ಹುಡುಗಿ ಎಚ್ಚರಿಸಿದಳು. ಮೀರದಿರಲಿ ಎಂದೇ ಹೇಳುತ್ತಿರುವುದು ಎಂದ ಮೇಸ್ತ್ರಿ. ಗಟ್ಟಿಯಾಗುತ್ತಿದ್ದ ಬಣ್ಣ ನೋಡಿ ಮಾಲೀಕರು ಆಗಲಿ ಎಂದು ತಲೆಯಾಡಿಸಿದರು.

ಮಧ್ಯಾಹ್ನ ಹೊಸ ಯೋಜನೆ ಬಂತು. ಪಟ್ಟಿಯ ಪ್ರತಿ ಚೌಕದಲ್ಲೂ ಮೇಸ್ತ್ರಿಯ ಹೆಸರೇ. ಹಗಲು ಪಾಳಿ, ಎರಡನೇ ಪಾಳಿ, ಭಾನುವಾರ ಯಾವುದೂ ಬಿಟ್ಟಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಮೇಸ್ತ್ರಿ ಮೀಸೆ ತಿರುವಿದ.

"ಏನ್ ಮಾಡ್ಕೊಂಡ್ರಿ ಮೇಸ್ತ್ರಿಗಳೇ," ಎಂದರು ಮಾಲೀಕರು ಬೇಜಾರಿನಿಂದ. "ನಿಮ್ಮನ್ನ ಮ್ಯಾನೇಜರ್ ಮಾಡೋಣ ಅಂತ ನಾನೇ ಹೆಸರು ತೆಗೆಸಿದ್ದೆ. ಸಂಜೆ ಹೇಳೋಣ ಅಂತಿದ್ದೆ."

ಮೇಸ್ತ್ರಿಯ ಕೈ ಮೀಸೆಯಲ್ಲೇ ಉಳಿಯಿತು. ಷರತ್ತು ತೆಗೆದುಬಿಡಿ ಎಂದ. ಹೇಗೆ ತೆಗೆಯಲಿ, ನೀವು ಎದ್ದು ಹೋದರೆ ಕಾರ್ಖಾನೆ ನಿಲ್ಲುತ್ತದೆಂದು ಬೆಳಿಗ್ಗೆ ನೀವೇ ತೋರಿಸಿಕೊಟ್ಟಿರಲ್ಲ ಎಂದರು ಮಾಲೀಕರು. ಮ್ಯಾನೇಜರ್ ಕುರ್ಚಿಯಂತೂ ಖಾಲಿ ಇಡುವ ಹಾಗಿಲ್ಲ. ಯೋಜನೆಯಿಂದ ಯಾರನ್ನು ತೆಗೆದರೆ ಕೆಲಸ ಒಂದಿಷ್ಟೂ ತಡವಾಗುವುದಿಲ್ಲ ಎಂದು ಕಂಪ್ಯೂಟರನ್ನೇ ಕೇಳಿದರು. ತಲೆಮಾರುಗಳೆಲ್ಲ ಹುಟ್ಟಿ ಸತ್ತು ಒಂದೇ ಒಂದು ಹೆಸರು ಬಂತು: ಸ್ಟೋರ್ ಕೀಪರ್.

ಎಲ್ಲರೂ ಹೊಸ ಮ್ಯಾನೇಜರನ ಕೈ ಕುಲುಕಿದರು. ಮೇಸ್ತ್ರಿ ಕೈ ಕಟ್ಟಿಕೊಂಡು ಎದೆ ಸೆಟೆಸಿ ನಿಂತ.

"ನಿನ್ನ ಕೈಕೆಳಗೆ ನಾನು ಕೆಲಸ ಮಾಡಲ್ಲ ಕಣೋ. ಏನ್ ಕಿತ್ಕೋತೀಯೋ ಕಿತ್ಕೋ."

ಹೊಸ ಮ್ಯಾನೇಜರ್ ಗೋಡೆಯ ಮೇಲಿನ ಯೋಜನೆ ನೋಡಿದ. ಆಮೇಲೆ ಬಹಳ ವಿನಯದಿಂದ ಹೇಳಿದ:

"ಆಯ್ತಣ್ಣ, ಅದನ್ನ ನಿಧಾನವಾಗಿ ಮಾತಾಡೋಣ. ಈಗ ಎರಡನೇ ಪಾಳಿ ಶುರುವಾಯ್ತು."