ಸೀಟಿಗೆ ಮೊದಲು ಎತ್ತಿದ ಚೆಂಡು

ಕಾಲನಿರ್ಣಯವೇ ನನ್ನ ಜೀವಮಾನದ ವೃತ್ತಿ. ಯಾವ ಶಾಸನ ಮೊದಲು, ಯಾವ ದೇಗುಲ ಆಮೇಲೆ ಎಂದು ಹೇಳುವಾಗ ನೂರಿನ್ನೂರು ವರ್ಷ ಆಚೀಚೆಯಾದರೂ ಸತ್ತವರಾರೂ ಎದ್ದುಬಂದು ತಕರಾರು ಮಾಡುವುದಿಲ್ಲ. ಆದರೆ ತಕರಾರು ಮಾಡುವವರೆಲ್ಲ ಸುತ್ತ ನಿಂತಿರುವಾಗಲೇ ಅರೆಕ್ಷಣದ ಹಿಂದುಮುಂದನ್ನು ನಿರ್ಣಯಿಸಿ ಗೆದ್ದವನು ನಾನೆಂಬುದನ್ನು ನನ್ನ ಓದುಗರು ಅರಿಯರು.

ಅದು ಕೊಪ್ಪಳದ ಬಯಲಿನಲ್ಲಿ ನಡೆದ ಬಾಸ್ಕೆಟ್‌ಬಾಲ್ ಪಂದ್ಯ. ಇಸವಿಯ ವಿಷಯದಲ್ಲಿ ನನ್ನ ನೆನಪು ಒಂದು, ಪತ್ನಿಯ ನೆನಪು ಇನ್ನೊಂದು. ಯುದ್ಧಕಾಲವಾದ್ದರಿಂದ ಸೀಮೆಎಣ್ಣೆ ಸಿಗುತ್ತಿರಲಿಲ್ಲ ಎಂಬಲ್ಲಿ ಮಾತ್ರ ಎರಡೂ ಆಕರಗಳಿಗೆ ಒಮ್ಮತವಿದೆ. ಒಂದು ಕಡೆ ನಾನು ಮಾಸ್ತರನಾಗಿದ್ದ ಕೊಪ್ಪಳದವರು, ಇನ್ನೊಂದು ಕಡೆ ಗಂಗಾವತಿಯ ಅಕ್ಕಿ ಗಿರಣಿಯವರು. ನಿಯಮಗಳ ಪುಸ್ತಕವನ್ನು ಅಡಿಟಿಪ್ಪಣಿ ಸಹಿತ ಓದಿದವನು ನಾನೊಬ್ಬನೇ ಆದ್ದರಿಂದ ಸೀಟಿ ನನ್ನ ಕೊರಳಿಗೆ ಬಿದ್ದಿತ್ತು. ತೊಡಕೆಂದರೆ, ನನ್ನ ಮಾವನ ಮನೆ ಗಂಗಾವತಿ.

ಕೊನೆಯ ಗಳಿಗೆ, ಕೊಪ್ಪಳ ಒಂದು ಅಂಕ ಮುಂದು. ಗಿರಣಿಯ ಹಮಾಲ ಹನುಮಂತ ಬುಟ್ಟಿಯತ್ತ ಚೆಂಡೆತ್ತಿದ. ನಮ್ಮ ಶರಣಪ್ಪ ಅವನ ಮೊಣಕೈಗೆ ಬಡಿದ. ನಾನು ಸೀಟಿ ಊದಿದೆ. ಆಮೇಲೆ ಚೆಂಡು ಅವನ ಕೈಬಿಟ್ಟು ಬುಟ್ಟಿಗೆ ಬಿತ್ತು. ಎಸೆತದ ಚಲನೆ ಏಟಿಗೆ ಮೊದಲೇ ಆರಂಭವಾಗಿ ತಡೆಯಿಲ್ಲದೆ ಮುಂದುವರಿದಿದ್ದರೆ ಸೀಟಿಯ ನಂತರ ಬಿದ್ದ ಚೆಂಡಿಗೂ ಎರಡಂಕ ಸಲ್ಲುತ್ತದೆ. ಏಟೇ ಮೊದಲಾದರೆ ಸಲ್ಲದು. ನಾನು ಸಲ್ಲುತ್ತದೆ ಎಂದೆ.

“ಅಳಿಯತನ ಛಲೋ ನಡಸೀರಿ ಮಾಸ್ತರ! ಮಾವ ಎಷ್ಟ ಚೀಲ ಅಕ್ಕಿ ಕಳಸ್ಯಾರ?” ಎಂದು ಜನ ಕೂಗಿದರು.

ಈ ತೀರ್ಪು ನಿಲ್ಲದಿದ್ದರೆ ಮರುದಿನ ತರಗತಿಯಲ್ಲಿ ನನ್ನ ಯಾವ ಮಾತು ತಾನೇ ನಿಂತೀತು? ಎದುರಾಳಿಯ ಸಾಕ್ಷ್ಯಕ್ಕೆ ತೂಕ ಹೆಚ್ಚೆಂಬುದು ನಮ್ಮ ಶಾಸ್ತ್ರದ ಮೊದಲ ಪಾಠ. ಶರಣಪ್ಪನನ್ನೇ ಕರೆದೆ.

“ಶರಣಪ್ಪ, ಅಂವ ಚೆಂಡು ಎತ್ತೂಕಿಂತ ಮೊದಲ ಹೊಡದಿ ಏನು?”

ಶರಣಪ್ಪ ಕೆರಳಿದ. “ಸುಮ್ನ ನಿಂತಾವನ್ನ ಹೊಡಿಯಾಕ ನನಗೇನ ಹುಚ್ಚ ಹಿಡದೈತೇನ್ರಿ? ಅಕ್ಕಿ ಚೀಲ ಎತ್ತೂವಾಗ ಹಮಾಲ್ರು ಕೂಗ್ತಾರಲ್ರಿ, ಹಂಗ ‘ಐಸಾ’ ಅಂತ ಒದರಿ ಚೆಂಡು ಎತ್ತಿದ. ಅದನ್ನ ಕೇಳೇ ನಾ ಹೊಡದೆ!”

ಹನುಮಂತನ ಕೂಗನ್ನು ಎಲ್ಲರೂ ಕೇಳಿದ್ದರು. ಅವನ ತೋಳು ಮೇಲೆದ್ದ ಗಳಿಗೆಗೆ ಅದಕ್ಕಿಂತ ಸ್ಪಷ್ಟವಾದ ಶಾಸನ ಬೇಕಿರಲಿಲ್ಲ.

“ಏ ಶರಣ್ಯಾ, ನೀ ನಮ್ಮ ವಕೀಲ ಆಗಿದ್ರ ಊರೆಲ್ಲ ಜೇಲಿನ್ಯಾಗ ಇರ್ತಿತ್ತಲೋ!” ಎಂದು ಹಿಂದಿನಿಂದ ಯಾರೋ ಅಂದರು. ಬಯಲೆಲ್ಲ ನಕ್ಕಿತು. ನಿಯಮದಂತೆ ಹನುಮಂತನಿಗೆ ಇನ್ನೊಂದು ಎಸೆತವನ್ನೂ ಕೊಟ್ಟೆ; ಹೊಡೆಯುವವರಿಲ್ಲದ್ದಕ್ಕೋ ಏನೋ, ಅದು ಬುಟ್ಟಿಯ ಹತ್ತಿರಕ್ಕೂ ಸುಳಿಯಲಿಲ್ಲ. ಗಂಗಾವತಿ ಒಂದಂಕದಿಂದ ಗೆದ್ದಿತು. ಅಳಿಯತನವೆಂದು ಕೂಗಿದವರೇ ಬಂದು, “ಇನ್ಸಾಫ್ ಅಂದ್ರ ಇದು ನೋಡ್ರಿ!” ಎಂದು ಕೈಕುಲುಕಿದರು. ಎದೆಯುಬ್ಬಿಸಿ ಮನೆಗೆ ನಡೆದೆ.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. “ನಮ್ಮ ಊರವರನ್ನ ಗೆಲ್ಲಿಸಿದ್ರಂತ!” ಎಂದು ಪತ್ನಿ ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದಳು.

“ನಾ ಗೆಲ್ಲಿಸಲಿಲ್ಲ, ನಿಯಮ ಗೆಲ್ಲಿಸಿತು.”

“ಹಂಗಾದ್ರ ಹೋಳಿಗಿ ನಿಯಮಕ್ಕ ಬಡಸ್ಲೇನ್ರಿ?”

ನನ್ನ ಪಕ್ಷಪಾತಕ್ಕೆ ಪುರಾವೆಯೆಂದು ಯಾರಾದರೂ ಎತ್ತಿ ತೋರಿಸಬಹುದಾಗಿದ್ದ ವಸ್ತು ಆ ತಟ್ಟೆಯೊಂದೇ. ಸಂಶೋಧಕನಾದವನು ಪುರಾವೆಯನ್ನು ಜೋಪಾನ ಮಾಡಬೇಕು. ನಾನು ತುಪ್ಪ ಹಾಕಿಸಿಕೊಂಡು ನಾಶಮಾಡಿದೆ.